ಮೈ ಮುರಿದು ದುಡಿಯುವವನಿಗೂ ಸಕ್ಕರೆ ಕಾಯಿಲೆಯೇ?

ತುಮಕೂರು ಸೀಮೆಯ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಬೆಳಗ್ಗೆ ಕುಳಿತರೂ ಸಾಕು, ಇಂಥದೊಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ನಲವತ್ತೆಂಟರ ಆಸುಪಾಸಿನ ರೈತ. ಕಾಲಿನ ಹೆಬ್ಬೆರಳ ಬಳಿ ಕೂಳೆ ಚುಚ್ಚಿ ಆದ ಗಾಯ. ಅರಿಶಿನ ಹಚ್ಚಿದ್ದಾಯಿತು, ಅಂಗಡಿಯ ಮುಲಾಮು ಬಳಿದದ್ದಾಯಿತು, ಮೂರು ವಾರ ಕಳೆದರೂ ಗಾಯ ಮಾಗಿಲ್ಲ. ದಾದಿ ಗಾಯವನ್ನು ನೋಡಿ, ಬೆರಳ ತುದಿಗೆ ಸೂಜಿ ತಾಕಿಸಿ ಒಂದು ಹನಿ ರಕ್ತ ತೆಗೆಯುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುತ್ತಾರೆ. ಸಕ್ಕರೆ 280, ರಕ್ತದೊತ್ತಡ 160/100.

'ನಾನೇನ್ ಪ್ಯಾಟೇಲಿ ಕುಂತು ತಿನ್ನೋನಾ ಸಿಸ್ಟರ್ರೇ? ಬೆಳಗಿನಿಂದ ಸಂಜೆಗಂಟ ಮೈ ಮುರ್ದು ಗೇಯೋನು. ನನಗೆಲ್ಲಿಂದ ಬಂತು ಈ ಕಾಯ್ಲೆ?' ಎಂದು ಅವನು ಕೇಳುತ್ತಾನೆ.

ಪ್ರಶ್ನೆ ನ್ಯಾಯವಾದದ್ದೇ. 'ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟಾನು' ಎಂದು ನಂಬಿ ಬಂದ ಸೀಮೆ ಇದು. ದುಡಿಯುವ ಮೈಗೆ ಕಾಯಿಲೆ ಹತ್ತಿರ ಸುಳಿಯದು ಎಂಬುದು ಹಿರಿಯರಿಂದ ಬಂದ ತಿಳಿವಳಿಕೆ. ಆದರೆ ನಲವತ್ತು ದಾಟಿದ ಮೇಲೆ ದೇಹದ ಲೆಕ್ಕಾಚಾರ ಬದಲಾಗುತ್ತದೆ. ಅದರ ಜೊತೆಗೆ ಬೇಸಾಯದ ದುಡಿಮೆಯೂ ಬದಲಾಗಿದೆ. ಈ ಎರಡು ಬದಲಾವಣೆಗಳನ್ನು ಗಮನಿಸದೆ, ದುಡಿಮೆಯೇ ಔಷಧಿ ಎಂದು ನಂಬಿ ಕುಳಿತವರೇ ಹೆಚ್ಚಾಗಿ ಹೀಗೆ ತಡವಾಗಿ ಸಿಕ್ಕಿಬೀಳುತ್ತಾರೆ.

ಬದಲಾದ ದುಡಿಮೆ, ಬದಲಾಗದ ತಟ್ಟೆ

ಈ ರೈತನ ತಂದೆ ಕಪಿಲೆ ಹೊಡೆದು ನೀರೆತ್ತಿದವನು. ಮಡಕೆ ಉಳುಮೆ, ಕಣದಲ್ಲಿ ಗುಂಡು ಹೊಡೆಯುವುದು, ಗೊಬ್ಬರ ಹೊರುವುದು, ಸಂತೆಗೆ ನಡೆದು ಹೋಗುವುದು, ಹೀಗೆ ವರ್ಷದ ಬಹುಪಾಲು ದಿನ ಅವನ ಮೈ ಆಡುತ್ತಲೇ ಇತ್ತು. ಮಗನ ಕಾಲಕ್ಕೆ ಟ್ರ್ಯಾಕ್ಟರು ಬಂದಿದೆ. ಕೊಳವೆಬಾವಿಯ ಸ್ಟಾರ್ಟರನ್ನು ಮನೆಯಲ್ಲೇ ಕುಳಿತು ಮೊಬೈಲಿನಿಂದ ಒತ್ತಬಹುದು. ಅರ್ಧ ಮೈಲಿ ದೂರದ ಹೊಲಕ್ಕೂ ಬೈಕು. ರಾಗಿ ಕೊಯ್ಲಿಗೆ ಯಂತ್ರ. ಬಿತ್ತನೆ, ಕಳೆ, ಕೊಯ್ಲಿನ ಕೆಲವು ವಾರ ಮೈ ಮುರಿಯುವ ಕೆಲಸ ನಿಜ. ಉಳಿದ ದಿನಗಳಲ್ಲಿ ಓಡಾಟವಿದೆ, ಆಯಾಸವಿದೆ, ಆದರೆ ಮೈಗೆ ಕೆಲಸ ಕಡಿಮೆ.

ಬದಲಾಗದೆ ಉಳಿದದ್ದು ತಟ್ಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಠಿಣ ದುಡಿಮೆಯ ಗಂಡಸಿಗೆ ದಿನಕ್ಕೆ ಸುಮಾರು 3,470 ಕ್ಯಾಲರಿ ಶಕ್ತಿ ಬೇಕು. ಕುಳಿತು ಕೆಲಸ ಮಾಡುವವನಿಗೆ 2,110 ಸಾಕು. ವ್ಯತ್ಯಾಸ 1,360 ಕ್ಯಾಲರಿ. ಇದು ಸುಮಾರು 400 ಗ್ರಾಂ ರಾಗಿಹಿಟ್ಟಿನ ಕಸುವು! ಹೊಲ ಉಳುವ ದಿನದ ಊಟವನ್ನೇ ಅರಳಿಕಟ್ಟೆಯ ಮೇಲೆ ಕುಳಿತ ದಿನವೂ ಉಂಡರೆ ಈ ಹೆಚ್ಚುವರಿ ಎಲ್ಲಿಗೆ ಹೋಗಬೇಕು? ಕೊಬ್ಬಾಗಿ ಸೊಂಟದ ಸುತ್ತ ಕೂರುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ರೈತರು ಈಗ ಊರೂರಲ್ಲೂ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ.

ಇಲ್ಲಿ ರಾಗಿಯ ಬಗೆಗಿನ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಬೇಕು. ರಾಗಿಯಲ್ಲಿ ನಾರಿದೆ, 100 ಗ್ರಾಮಿಗೆ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಇದರ ಮೂವತ್ತನೆಯ ಒಂದು ಭಾಗವೂ ಇಲ್ಲ. ಆದರೆ ರಾಗಿಯ ತೂಕದಲ್ಲಿ ಮೂರನೆಯ ಎರಡು ಭಾಗದಷ್ಟು ಪಿಷ್ಟವೇ. ಮುದ್ದೆ ಎಷ್ಟು ಉಂಡರೂ ಸಕ್ಕರೆ ಏರದು ಎಂಬುದು ಸುಳ್ಳು. ಮುದ್ದೆ ಒಳ್ಳೆಯದು, ಅದರ ಗಾತ್ರ ಮಾತ್ರ ಆ ದಿನದ ಕೆಲಸವನ್ನು ನೋಡಿಕೊಂಡು ಇರಬೇಕು.

ಸವೆಯುವ ಸ್ನಾಯು

ಮೂವತ್ತರ ನಂತರ ಮನುಷ್ಯನ ಸ್ನಾಯುಗಳು ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಸವೆಯುತ್ತ ಹೋಗುತ್ತವೆ. ಅರವತ್ತರ ಮೇಲೆ ಈ ಸವೆತದ ವೇಗ ಇನ್ನೂ ಹೆಚ್ಚು. ಸ್ನಾಯುಗಳಿರುವುದು ಭಾರ ಎತ್ತುವುದಕ್ಕೆ ಮಾತ್ರವಲ್ಲ. ಊಟವಾದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಒಳಗೆಳೆದು ದಾಸ್ತಾನು ಮಾಡುವ ಕಣಜಗಳೂ ಅವೇ. ಕಣಜ ಕಿರಿದಾದರೆ ಕಾಳು ಅಂಗಳದಲ್ಲೇ ಉಳಿಯುವಂತೆ, ಸ್ನಾಯು ಕರಗಿದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಸೊಂಟದ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡಿಯಾದರೆ ಕಥೆ ಪೂರ್ತಿಯಾದಂತೆ.

ಸ್ನಾಯು ಉಳಿಯಬೇಕಾದರೆ ಎರಡು ಬೇಕು: ಅದಕ್ಕೆ ಕೆಲಸ ಮತ್ತು ಪ್ರೋಟೀನು. 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ಇದಕ್ಕೆ ಪೇಟೆಯ ಡಬ್ಬಿಯ ಪುಡಿ ಬೇಕಿಲ್ಲ. ಮುನ್ನೂರು ಗ್ರಾಂ ರಾಗಿಯಿಂದ 21 ಗ್ರಾಂ, ಐವತ್ತು ಗ್ರಾಂ ಹುರುಳಿಯಿಂದ 11 ಗ್ರಾಂ, ಅರ್ಧ ಲೀಟರು ಹಾಲು ಅಥವಾ ಮೊಸರಿನಿಂದ 16 ಗ್ರಾಂ. ಒಟ್ಟು 48. ಒಂದು ಮೊಟ್ಟೆ ಸೇರಿದರೆ 54. ಅವರೆ, ಅಲಸಂದೆ, ಕಡಲೆಕಾಯಿ ಎಲ್ಲವೂ ಈ ಲೆಕ್ಕಕ್ಕೆ ಬರುವಂಥವೇ.

ಆದರೆ ಎಷ್ಟು ಮನೆಗಳಲ್ಲಿ ಹೀಗೆ ನಡೆಯುತ್ತಿದೆ? ಎರಡು ಹಸು ಕಟ್ಟಿದ ಮನೆಯಲ್ಲಿ ಬೆಳಗಿನ ಹಾಲೂ ಸಂಜೆಯ ಹಾಲೂ ಡೈರಿಯ ಕ್ಯಾನಿಗೆ ಸೇರುತ್ತದೆ. ಮನೆಗೆ ಉಳಿಯುವುದು ಕಾಫಿಗೆ ಬೇಕಾದಷ್ಟು. ಹೊಲದ ಅಂಚಿನಲ್ಲಿ ಅಕ್ಕಡಿ ಸಾಲಾಗಿ ಬೆಳೆಯುತ್ತಿದ್ದ ಅವರೆ, ಅಲಸಂದೆ, ಹುಚ್ಚೆಳ್ಳು ಯಂತ್ರದ ಕೊಯ್ಲಿಗೆ ಅಡ್ಡಿಯೆಂದು ಹಿಂದೆ ಸರಿದಿವೆ. ಕಾಳು ಕಡಿಮೆಯಾದ ತಟ್ಟೆಯಲ್ಲಿ ಅನ್ನದ ಗುಡ್ಡೆ ಬೆಳೆದಿದೆ. ಡೈರಿಗೆ ಹಾಕುವ ಹಾಲಿನಲ್ಲಿ ಮನೆಯವರ ಪಾಲಿಗೆ ಒಂದಿಷ್ಟು ಉಳಿಸಿಕೊಳ್ಳುವುದು ನಷ್ಟವಲ್ಲ. ಹಸುವಿಗೆ ಹಿಂಡಿ ಹಾಕದೆ ಹಾಲು ಬಯಸುವವರುಂಟೇ?

ಸೊಂಟವೆಂಬ ಸನ್ನೆಗೋಲು

ನಡುವಯಸ್ಸಿನ ರೈತರ ದೂರುಗಳಲ್ಲಿ ಮೊದಲನೆಯದು ಸೊಂಟನೋವು. ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನ್ಯಾಕಮ್‌ಸನ್ 1960ರ ದಶಕದಲ್ಲಿ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ, ಅಂಗಾತ ಮಲಗಿದಾಗ ಅದು 25. ಮುಂದಕ್ಕೆ ಬಾಗಿದಾಗ 150. ಬಾಗಿ ಕೈಯಲ್ಲಿ ಭಾರ ಹಿಡಿದಾಗ 220.

ಇದರ ಹಿಂದೆ ಇರುವುದು ಶಾಲೆಯಲ್ಲಿ ಎಲ್ಲರೂ ಓದಿದ ಸನ್ನೆಗೋಲಿನ ನಿಯಮವೇ. ಬೆನ್ನಿನ ಸ್ನಾಯುಗಳು ಮೂಳೆಯಿಂದ ಸುಮಾರು ಐದು ಸೆಂಟಿಮೀಟರು ಹಿಂದಿವೆ. ಬಗ್ಗಿ ಕೈ ಚಾಚಿ ಎತ್ತುವ ಮೂಟೆ ಐವತ್ತು ಸೆಂಟಿಮೀಟರು ಮುಂದಿರುತ್ತದೆ. ಅಂದರೆ ಇಪ್ಪತ್ತು ಕಿಲೋ ಎತ್ತಲು ಸೊಂಟದ ಸ್ನಾಯು ಇನ್ನೂರು ಕಿಲೋ ಎಳೆತವನ್ನು ಕೊಡಬೇಕು. ಅದೇ ಮೂಟೆಯನ್ನು ಮೈಗೆ ಒತ್ತಿಕೊಂಡು ಎತ್ತಿದರೆ ಈ ಎಳೆತ ಅರ್ಧಕ್ಕೂ ಕಡಿಮೆಯಾಗುತ್ತದೆ. ಆದ್ದರಿಂದ ಮಂಡಿ ಮಡಿಸಿ ಕುಳಿತು, ಭಾರವನ್ನು ಎದೆಗೆ ಹತ್ತಿರ ತಂದು, ಕಾಲಿನ ಬಲದಿಂದ ಏಳಬೇಕು. ಭಾರ ಹಿಡಿದು ಸೊಂಟ ತಿರುಚಬಾರದು. ಪಾದ ಸರಿಸಿ ತಿರುಗಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿದೆ. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕಿಲೋಗೆ ಇಳಿಯಿತು. ಆದರೆ ಭತ್ತ, ರಾಗಿಯ ಮೂಟೆಗಳು ಇಂದಿಗೂ ಇದನ್ನು ಮೀರುವುದುಂಟು. ನಲವತ್ತೈದು ದಾಟಿದವರು ಇಂಥ ಮೂಟೆಗೆ ಇನ್ನೊಬ್ಬರ ಕೈ ಕರೆಯುವುದರಲ್ಲಿ ಅವಮಾನವಿಲ್ಲ.

ಕಳೆ ಕೀಳುವ, ನಾಟಿ ಹಾಕುವ ಹೆಂಗಸರ ಸೊಂಟಕ್ಕೆ ಭಾರವಿಲ್ಲದಿದ್ದರೂ ದಿನಗಟ್ಟಲೆ ಬಾಗುವಿಕೆಯ ಶಿಕ್ಷೆ ಇದೆ. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗುವುದು, ಉದ್ದ ಹಿಡಿಯ ಕಳೆ ತೆಗೆಯುವ ಸಾಧನ ಬಳಸುವುದು, ಇವೆರಡೂ ಖರ್ಚಿಲ್ಲದ ಅಥವಾ ಸಣ್ಣ ಖರ್ಚಿನ ಉಪಾಯಗಳು.

ರಣಹದ್ದು ಕಲಿಸಿದ ಪಾಠ

ಸೊಂಟ ನೋಯುತ್ತದೆಂದು ಅಂಗಡಿಯಲ್ಲಿ ಎರಡು ಮಾತ್ರೆ ಕೊಂಡು ನುಂಗಿ ಹೊಲಕ್ಕೆ ಇಳಿಯುವುದು ಸಾಮಾನ್ಯ. ಈ ನೋವಿನ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್ ಎಂಬುದೊಂದು. ಭಾರತದಲ್ಲಿ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಳಿದದ್ದಕ್ಕೆ ಕಾರಣ ಇದೇ ಔಷಧಿ. ಇದನ್ನು ಚುಚ್ಚಿಸಿಕೊಂಡಿದ್ದ ದನಗಳ ಹೆಣ ತಿಂದು ಅವುಗಳ ಮೂತ್ರಪಿಂಡಗಳು ಕೆಟ್ಟವು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ರಣಹದ್ದು ಧಾಮವೇ ಆಯಿತು.

ಮನುಷ್ಯನ ಮೂತ್ರಪಿಂಡ ಹದ್ದಿನದಕ್ಕಿಂತ ಬಹಳ ಗಟ್ಟಿ. ವೈದ್ಯರು ಹೇಳಿದಂತೆ ನಾಲ್ಕು ದಿನ ನುಂಗಿದರೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ತಿಂಗಳುಗಟ್ಟಲೆ ನುಂಗುತ್ತ, ಬಿಸಿಲಿನಲ್ಲಿ ಬೆವರು ಸುರಿಸಿ, ನೀರು ಕುಡಿಯದೆ ದುಡಿದರೆ? ಮೂತ್ರಪಿಂಡಕ್ಕೆ ಹರಿಯುವ ರಕ್ತ ನೀರಿನ ಕೊರತೆಯಿಂದ ಒಮ್ಮೆ, ಮಾತ್ರೆಯಿಂದ ಇನ್ನೊಮ್ಮೆ ಕಡಿಮೆಯಾಗುತ್ತದೆ. ಸಕ್ಕರೆ, ರಕ್ತದೊತ್ತಡ ಮೊದಲೇ ಇದ್ದವರಿಗೆ ಇದು ಗಾಯದ ಮೇಲೆ ಬರೆ.

ಒಂದು ಲೀಟರು ಬೆವರು ಆರುವಾಗ ಮೈಯಿಂದ ಸುಮಾರು 580 ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ. ಸುಡುಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವರು ಗಂಟೆಗೆ ಒಂದು ಲೀಟರು ಬೆವರಬಲ್ಲರು. ಬಾಯಾರಿಕೆಗಾಗಿ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಮಜ್ಜಿಗೆ, ರಾಗಿ ಅಂಬಲಿ ಇನ್ನೂ ಒಳ್ಳೆಯದು. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದು ಅರ್ಥ. ರಕ್ತದೊತ್ತಡ ಇರುವವರು ಮಾತ್ರ ಮಜ್ಜಿಗೆಗೆ ಉಪ್ಪು ಹಾಕುವ ಮುನ್ನ ಯೋಚಿಸಬೇಕು. ದಿನಕ್ಕೆ ಒಟ್ಟು ಐದು ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕದಲ್ಲೇ ಬಂತು.

ಕುಡಿಯುವ ನೀರಿನ ಜಾತಕವನ್ನೂ ನೋಡಬೇಕು. ಪಾವಗಡ, ಮುಂಡರಗಿಯಂಥ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿಲ್ಲದಾಗಲೂ ಒಂದೂವರೆ ಮೀರಬಾರದು. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಕತ್ತು, ಬೆನ್ನು, ಮಂಡಿ ಬಿಗಿಯುತ್ತವೆ. ನಲವತ್ತಕ್ಕೇ ಬೆನ್ನು ಬಾಗದವರು ಅದನ್ನು ವಾಯು ಎಂದೋ ವಯಸ್ಸೆಂದೋ ತಿಳಿದು ಸುಮ್ಮನಾಗುತ್ತಾರೆ. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ಶುದ್ಧೀಕರಣ ಘಟಕದ ನೀರೋ ಮಳೆನೀರೋ ಬೇಕು.

ಸೀಸೆಯ ಮೇಲಿನ ಸಣ್ಣ ಅಕ್ಷರ

ನಲವತ್ತರ ಹೊತ್ತಿಗೆ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಪತ್ರಿಕೆಯನ್ನು ಕೈ ನೀಡಿ ದೂರ ಹಿಡಿಯುವುದು ಇದರ ಮೊದಲ ಗುರುತು. ಗುಮಾಸ್ತನಾದವನು ಕೂಡಲೇ ಕನ್ನಡಕ ಮಾಡಿಸುತ್ತಾನೆ. 'ಹೊಲದಲ್ಲಿ ಓದೋದೇನೈತೆ' ಎಂದು ರೈತ ಸುಮ್ಮನಾಗುತ್ತಾನೆ. ಆದರೆ ಓದಬೇಕಾದದ್ದು ಇದೆ: ಕೀಟನಾಶಕದ ಸೀಸೆಯ ಮೇಲಿನ ಸಣ್ಣ ಅಕ್ಷರ. ಲೀಟರಿಗೆ 0.5 ಮಿಲಿಲೀಟರು ಎಂಬುದನ್ನು 5 ಎಂದು ಓದಿದರೆ ವಿಷ ಹತ್ತು ಪಟ್ಟು!

ಸೀಸೆಯ ಮೇಲಿನ ಚೌಕದ ಕೆಳಭಾಗದ ಬಣ್ಣವನ್ನಂತೂ ಕನ್ನಡಕವಿಲ್ಲದೆಯೂ ನೋಡಬಹುದು. ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ. ಗಾಳಿ ತನ್ನ ಮೈಯಿಂದ ಆಚೆಗೆ ಬೀಸುವಂತೆ ನಿಂತು ಸಿಂಪಡಿಸಬೇಕು. ಕೈಗವಸು, ಮುಖಕ್ಕೆ ರಕ್ಷಣೆ, ತುಂಬುತೋಳಿನ ಅಂಗಿ ಬೇಕು. ಕೆಲಸದ ನಡುವೆ ಬೀಡಿ, ಎಲೆಅಡಿಕೆ ಬೇಡ. ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ, ಬಟ್ಟೆ ಬೇರೆಯಾಗಿ ಒಗೆತ. ಸಿಂಪಡಿಸಿದ ದಿನ ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣು ಮಬ್ಬಾಗುವುದು ಕಂಡರೆ ಬಿಸಿಲಿನ ಸುಸ್ತೆಂದು ಮಲಗಬಾರದು. ಸೀಸೆಯನ್ನೂ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಓಡಬೇಕು.

ದುಡಿದವನಿಗೂ ನಡಿಗೆ

'ಇಡೀ ದಿನ ನಡೆಯೋನಿಗೆ ವ್ಯಾಯಾಮ ಯಾಕೆ?' ಎಂಬುದು ಹಳ್ಳಿಯಲ್ಲಿ ಕೇಳಿಬರುವ ಇನ್ನೊಂದು ಪ್ರಶ್ನೆ. ಸುಗ್ಗಿಯ ದಿನಗಳಲ್ಲಿ ಬೇಡ. ಹೊಲದ ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಬೇಕೇ ಬೇಕು. ವಾರಕ್ಕೆ ಕನಿಷ್ಠ 150 ನಿಮಿಷ, ಉಸಿರು ತುಸು ಜೋರಾಗುವಷ್ಟು ಬಿರುಸಿನ ಚಟುವಟಿಕೆ ಮತ್ತು ವಾರಕ್ಕೆರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ, ಇದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ. ಡೈರಿಗೆ ಬೈಕು ಬಿಟ್ಟು ನಡೆದು ಹೋದರೆ, ತೋಟದಲ್ಲಿ ವಾರಕ್ಕೆರಡು ದಿನ ಗುದ್ದಲಿ ಹಿಡಿದರೆ ಎರಡೂ ಸಂದಾಯವಾಗುತ್ತದೆ.

ಮೈ ಸುಧಾರಿಸಿಕೊಳ್ಳುವುದು ನಿದ್ರೆಯಲ್ಲಿ. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಎದ್ದು ನೀರು ಕಟ್ಟುವವನಿಗೆ ಏಳು ಗಂಟೆಯ ನಿದ್ರೆ ಕನಸೇ ಸರಿ. ಅಂಥ ಪಾಳಿಯ ದಿನ ಮಧ್ಯಾಹ್ನ ಮಲಗಿ ಬಾಕಿ ತೀರಿಸಬೇಕು. ನಿದ್ದೆಗಣ್ಣಿನಲ್ಲಿ ಟ್ರ್ಯಾಕ್ಟರು ಹತ್ತಬಾರದು. ಎಚ್ಚರವಿರಲೆಂದು ಬಾಯಿಗೆ ಹಾಕುವ ಹೊಗೆಸೊಪ್ಪು ಸ್ನೇಹಿತನಲ್ಲ. ತಂಬಾಕಿಲ್ಲದ ಬರಿಯ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬಾಯಿ ಪೂರ್ತಿ ತೆರೆಯಲು ಕಷ್ಟವಾದರೆ, ಬಿಳಿ ಮಚ್ಚೆ ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ತೋರಿಸಲೇಬೇಕು.

ಹೊನ್ನಾರಿಗೆ ಮುನ್ನ

ಇಷ್ಟೆಲ್ಲ ಇದ್ದರೂ ರಕ್ತದೊತ್ತಡ, ಸಕ್ಕರೆ ಎರಡೂ ನೋವಿಲ್ಲದೆ ಬರುವ ಕಾಯಿಲೆಗಳು. ಅಳೆದು ನೋಡದೆ ತಿಳಿಯದು. ಮೇಲಿನ ಒತ್ತಡ 140, ಕೆಳಗಿನದು 90, ಇವುಗಳಲ್ಲಿ ಒಂದು ಮುಟ್ಟಿದರೂ ಎಚ್ಚರ ಬೇಕು. ಬರಿಹೊಟ್ಟೆಯ ಸಕ್ಕರೆ 100ರ ಒಳಗಿದ್ದರೆ ಸರಿ, 126 ಮುಟ್ಟಿದರೆ ಕಾಯಿಲೆಯ ಗಡಿ. 2018ರಿಂದ ಈಚೆಗೆ ಹಳ್ಳಿಯ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡಲಾಗಿದೆ. ಈಗ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಮೂವತ್ತು ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆ ಮತ್ತು ಬಾಯಿಯ ತಪಾಸಣೆ, ಹೆಂಗಸರಿಗೆ ಸ್ತನ ಹಾಗೂ ಗರ್ಭಕೊರಳಿನ ತಪಾಸಣೆ ಇಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಯುತ್ತದೆ. ಹತ್ತು ವರ್ಷಕ್ಕೊಮ್ಮೆ ಧನುರ್ವಾಯುವಿನ ಚುಚ್ಚುಮದ್ದನ್ನೂ ಹಾಕಿಸಿಕೊಳ್ಳಬೇಕು. ಮಣ್ಣು, ಸಗಣಿಯೊಡನೆ ಬಾಳುವವರಿಗೆ ಇದು ತಪ್ಪಬಾರದು.

ಯಾವಾಗ? ಯುಗಾದಿಯ ಹೊನ್ನಾರಿಗೆ ಮುನ್ನ. ನೇಗಿಲು, ಕುಂಟೆ, ಪಂಪ್‌ಸೆಟ್ಟು ಎಲ್ಲವನ್ನೂ ನೋಡಿ ಸರಿಪಡಿಸಿಕೊಳ್ಳುವ ಕಾಲ ಅದು. ಅವುಗಳ ಜೊತೆಗೆ ಮೈಯನ್ನೂ ಒಮ್ಮೆ ತೋರಿಸಿಕೊಂಡು ಬಂದರೆ ಮುಂಗಾರಿನ ಹೊತ್ತಿಗೆ ಎಲ್ಲ ಸಜ್ಜಾಗಿರುತ್ತದೆ.

ಆರೋಗ್ಯ ಕೇಂದ್ರದ ಆ ರೈತನ ಗಾಯ ಮೂರು ವಾರ ಮಾಗದೆ ಇದ್ದದ್ದೇಕೆ ಎಂಬುದು ಈಗ ತಿಳಿದೀತು. ಹೆಚ್ಚಿದ ಸಕ್ಕರೆ ಪಾದದ ನರಗಳನ್ನು ಮಂಕುಮಾಡಿತ್ತು. ಕೂಳೆ ಚುಚ್ಚಿದ್ದು ಅವನಿಗೆ ಗೊತ್ತಾದದ್ದೇ ಸಂಜೆ ಕಾಲು ತೊಳೆಯುವಾಗ. ಪಾದಕ್ಕೆ ರಕ್ತದ ಹರಿವೂ ತಗ್ಗಿತ್ತು. ಇನ್ನೊಂದಿಷ್ಟು ವಾರ ತಡವಾಗಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತಿತ್ತೇನೋ. ಇಂಥವರು ಬರಿಗಾಲಲ್ಲಿ ಹೊಲಕ್ಕೆ ಇಳಿಯಬಾರದು. ದಿನವೂ ಮಲಗುವ ಮುನ್ನ ಪಾದದ ಅಡಿಯನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಮಾತ್ರೆಯನ್ನು ಸಕ್ಕರೆ ಇಳಿಯಿತೆಂದು ತಾವಾಗಿಯೇ ನಿಲ್ಲಿಸಬಾರದು.

ದಾದಿ ಅವನ ಚೀಟಿ ಬರೆದು ಮುಗಿಸಿ, ಗೋಡೆಗೆ ಒರಗಿ ನಿಂತ ಹೆಂಡತಿಯತ್ತ ತಿರುಗುತ್ತಾರೆ. 'ನೀವೂ ಬನ್ನಿ ಅಕ್ಕ, ಕೈ ಕೊಡಿ.'

'ನಂಗೇನಾಗೈತವ್ವ, ಚೆನ್ನಾಗೇ ಇವ್ನಿ' ಎಂದು ಆಕೆ ಹಿಂದೆ ಸರಿಯುತ್ತಾಳೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಕಾಲು ಸೆಳೆತ, ಎಲ್ಲದಕ್ಕೂ 'ಕೆಲಸ ಜಾಸ್ತಿ' ಎಂಬ ಸಮಾಧಾನ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆಯ ಸವೆತವೂ ಜೋರಾಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ತಟ್ಟೆಗೆ ಕಾಳು, ಸೊಪ್ಪು, ಮೊಸರು ಉಳಿದಿರುವುದೇ ಅಪರೂಪ.

'ಚೆನ್ನಾಗಿದ್ದೀರಿ ಅಂತ ನಾವೂ ಬರ್ಕೊಬೇಕಲ್ಲ ಅಕ್ಕ' ಎನ್ನುತ್ತಾರೆ ದಾದಿ. ಗಂಡ ಕುರ್ಚಿ ಬಿಟ್ಟು ಏಳುತ್ತಾನೆ. ಆಕೆ ಸೆರಗು ಸರಿಪಡಿಸಿಕೊಂಡು ಕುಳಿತು, ಬಲಗೈ ಮುಂದೆ ಚಾಚುತ್ತಾಳೆ.